ಸೋಲಾಪುರದ ಗಿರಣಿ: ಸಿರಿವಂತಿಕೆ ಮತ್ತು ತಂತಿಬೇಲಿ



ಕೆಲವು ದಿನಗಳ ಹಿಂದೆ ನಮ್ಮ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಕಂಪಾಸ್ ಪೆಟ್ಟಿಗೆ ಕಾಣದಾಯಿತು. ಯಾರೂ ಬಾಯಿ ಬಿಡಲಿಲ್ಲ, ಆದರೆ ಎಲ್ಲರ ಕಣ್ಣು ಹಿಂದಿನ ಸಾಲಿನ ಒಬ್ಬ ಹುಡುಗನ ಕಡೆ ತಿರುಗಿತು. ಯಾಕೆ ಎಂದು ನಾವು ಕೇಳಿದೆವು. "ಸರ್, ಅವರ ಮುತ್ಯಾ ಸೆಟಲ್‌ಮೆಂಟ್‌ದಾಗ ಇದ್ದನಂತ್ರಿ. ಚೀಲ ಜ್ವಾಕಿ ಅಂತ ನಮ್ಮವ್ವ ಹೇಳ್ಯಾಳ್ರಿ" ಎಂದ ಒಬ್ಬ. ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಆ ಹುಡುಗಿಯ ಬೆಂಚಿನ ಕೆಳಗೇ ಸಿಕ್ಕಿತು. ಹಿಂದಿನ ಸಾಲಿನವನು ಮಾತ್ರ ಆ ದಿನವೆಲ್ಲ ತಲೆ ಎತ್ತಲಿಲ್ಲ.

ಸೆಟಲ್‌ಮೆಂಟ್ ಎಂದರೇನು ಎಂಬುದು ಹೇಳಿದ ಹುಡುಗನಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಬೇಕಾದರೆ ಸೋಲಾಪುರದ ಗಿರಣಿಗಳ ಕಥೆಯನ್ನೇ ತೆಗೆಯಬೇಕು.

ನಮ್ಮ ಹಿರಿಯರು ಜುನಿ ಗಿರಣಿ ಎಂದು ಕರೆಯುತ್ತಿದ್ದ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯ ಗಿರಣಿ 1877ರಲ್ಲಿ ಶುರುವಾಯಿತು. ಕಟ್ಟಿದವರು ಮುಂಬಯಿಯ ಮೊರಾರ್ಜಿ ಗೋಕುಲದಾಸ್. ಆಮೇಲೆ ನರಸಿಂಗಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವ ಸಾವಿರಾರು ಜನ ಭೋಂಗಾ ಕೂಗಿದ ಕೂಡಲೆ ಗಿರಣಿಯ ಗೇಟಿನತ್ತ ನಡೆಯುತ್ತಿದ್ದ ಕಾಲ ಅದು. ಊರಿನಲ್ಲಿ ದುಡ್ಡು ಓಡಾಡಿತು. ನಮ್ಮ ಕನ್ನಡ ವ್ಯಾಪಾರಿ ಮನೆತನವಾದ ವಾರದ ಅವರು ಕಟ್ಟಿಸಿದ ಇಂದ್ರಭುವನದಂಥ ಅರಮನೆ ಎದ್ದು ನಿಂತಿತು. ಮಹಾನಗರಪಾಲಿಕೆ ನೆಲೆಸಿದ್ದು ಆ ಕಟ್ಟಡದಲ್ಲೇ.

ಇಷ್ಟು ಸಿರಿ ಇದ್ದರೂ ಆಗಿನ ಭಾರತೀಯ ಸಾವುಕಾರರಿಗೆ ಒಂದು ಅವಮಾನ ತಪ್ಪಿರಲಿಲ್ಲ. ದೊಡ್ಡ ಊರುಗಳಲ್ಲಿ ಬಿಳಿಯರ ಕ್ಲಬ್ಬುಗಳ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. ವ್ಯಾಪಾರದಲ್ಲೂ ಅದೇ ಪಾಡು. ಸೋಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ಅವರ ಬಾಳೇ ಇದಕ್ಕೆ ಸಾಕ್ಷಿ. 1919ರಲ್ಲಿ ಅವರು ಮೊರಾರ್ಜಿ ಗೋಕುಲದಾಸರ ಮಗ ನರೋತ್ತಮ ಮೊರಾರ್ಜಿಯವರ ಜೊತೆ ಸೇರಿ ಸಿಂಧಿಯಾ ಹಡಗು ಕಂಪನಿ ಕಟ್ಟಿದರು. ಅದೇ ವರ್ಷ ಏಪ್ರಿಲ್ 5ರಂದು ಅವರ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ರಾಷ್ಟ್ರೀಯ ಸಾಗರಯಾನ ದಿನ ಎಂದು ಆಚರಿಸುತ್ತೇವೆ. ಬ್ರಿಟಿಷ್ ಕಂಪನಿಗಳು ಸಾಗಣೆ ದರ ಇಳಿಸಿ ಸಿಂಧಿಯಾವನ್ನು ಮುಳುಗಿಸಲು ನೋಡಿದವು. 1923ರ ಒಪ್ಪಂದವಂತೂ ಅದನ್ನು ಕರಾವಳಿ ಸಾಗಣೆಗೆ ಕಟ್ಟಿಹಾಕಿತು. ವಾಲಚಂದರು ಸೋಲಲಿಲ್ಲ. 1940ರಲ್ಲಿ ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಶುರು ಮಾಡಿದವರು ಇದೇ ನಮ್ಮ ಸೋಲಾಪುರದವರು.

ಇದನ್ನು ಓದುವಾಗ ನಮಗೆ ಹೆಮ್ಮೆ ಅನಿಸುತ್ತದೆ. ಆದರೆ ಗಿರಣಿಯ ಒಳಗೂ ಒಮ್ಮೆ ಹೋಗಿ ನೋಡಬೇಕು.

ಮುಂಬಯಿಯ ಗಿರಣಿಗಳಲ್ಲಿ ಒಳ್ಳೆಯ ಪಗಾರ ಸಿಗುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ದಲಿತರಿಗೆ ಪ್ರವೇಶ ಇರಲಿಲ್ಲ. ಕಾರಣವೇನೆಂದರೆ, ಲಾಳಿಯಲ್ಲಿ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಬಾಯಿಂದ ಹೀರಿ ತೂತಿನ ಮೂಲಕ ಎಳೆಯಬೇಕಿತ್ತು. ದಲಿತನ ಬಾಯಿ ತಾಗಿದ ಲಾಳಿಗೆ ಉಳಿದವರು ಬಾಯಿ ಹಚ್ಚಲು ಒಪ್ಪುತ್ತಿರಲಿಲ್ಲ. ಇದು ಬರೀ ಮಾಲೀಕರ ತಪ್ಪಲ್ಲ, ಜೊತೆಗೆ ದುಡಿಯುವವರದೂ ಹೌದು. ಮಾಲೀಕರು ಕಂಡೂ ಸುಮ್ಮನಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಡಾ. ಅಂಬೇಡ್ಕರ್ ಅವರು ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆಯೇ ಇಟ್ಟರು.

ಇನ್ನು ಸೆಟಲ್‌ಮೆಂಟ್. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ ಮುಂಬಯಿ ಪ್ರಾಂತಕ್ಕೂ ಹಚ್ಚಿದರು. ಒಂದು ಕುಲದಲ್ಲಿ ಹುಟ್ಟಿದ್ದೇ ಅಪರಾಧವಾಯಿತು. ವಿಜಾಪುರ, ಹುಬ್ಬಳ್ಳಿ, ಗದಗ, ಸೋಲಾಪುರಗಳಲ್ಲಿ ತಂತಿಬೇಲಿ ಹಾಕಿದ ವಸತಿಗಳನ್ನು ಮಾಡಿ, ಊರೂರು ತಿರುಗಿ ಬಾಳುತ್ತಿದ್ದ ಕುಟುಂಬಗಳನ್ನು ಅಲ್ಲಿ ಕೂಡಿಹಾಕಿದರು. ದಿನಾ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಗಿರಣಿಗಳಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಸೋಲಾಪುರದ ಸೆಟಲ್‌ಮೆಂಟಿನ ಗಂಡಸರು, ಹೆಂಗಸರು ಹಗಲು ಗಿರಣಿಯಲ್ಲಿ ದುಡಿದು ಮತ್ತೆ ಬೇಲಿಯೊಳಗೆ ಬರುತ್ತಿದ್ದರು. ಅವರು ನೂತ ನೂಲು ಊರಿಗೆಲ್ಲ ಬೇಕಾಗಿತ್ತು, ಅವರು ಮಾತ್ರ ಯಾರಿಗೂ ಬೇಡವಾಗಿದ್ದರು.

ಒಂದು ಸಂಗತಿ ನಮ್ಮನ್ನು ಬಹಳ ಕಾಡುತ್ತದೆ. 1949ರ ಆಗಸ್ಟಿನಲ್ಲಿ ಜುನಿ ಗಿರಣಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. ಮೊದಲ ದಾವೆಯಲ್ಲಿ ಸೋತರೂ 1953ರ ಡಿಸೆಂಬರಿನಲ್ಲಿ ಎರಡನೆಯ ದಾವೆಯಲ್ಲಿ ಗೆದ್ದರು. ಪರಿಹಾರ ಕೊಡದೆ ಆಸ್ತಿ ಕಸಿದುಕೊಂಡದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು ಕೋರ್ಟು. ಇರಲಿ, ಅದು ಅವರ ಹಕ್ಕು. ಆದರೆ ಅದೇ ಗಿರಣಿ ಊರಿನ ಬೇಲಿಯೊಳಗಿನ ಮನುಷ್ಯನ ಪಾಡು ಏನಾಗಿತ್ತು? ಒಂದು ಕುಲವನ್ನು ಅಪರಾಧಿ ಎಂದು ಸರಕಾರ ಒಮ್ಮೆ ಸಾರಿದರೆ, ಅದು ಸರಿಯೋ ತಪ್ಪೋ ಎಂದು ಯಾವ ಕೋರ್ಟೂ ಕೇಳುವಂತಿಲ್ಲ ಎಂದು ಆ ಕಾಯ್ದೆಯಲ್ಲೇ ಬರೆದಿತ್ತು. ಷೇರು ಕಳೆದುಕೊಂಡವನಿಗೆ ಇದ್ದ ಬಾಗಿಲು ಹೆಸರು ಕಳೆದುಕೊಂಡವನಿಗೆ ಇರಲಿಲ್ಲ.

ಮುಂಬಯಿ ಪ್ರಾಂತ ಆ ಕಾಯ್ದೆಯನ್ನು ಸ್ವಲ್ಪ ಮೊದಲೇ ಕೈಬಿಟ್ಟಿತು. ದೇಶದ ತುಂಬ ಅದು ಹೋದದ್ದು 1952ರ ಆಗಸ್ಟ್ 31ರಂದು. ಆ ಜನರನ್ನು ವಿಮುಕ್ತರು ಎಂದು ಕರೆಯುವುದು ಇದೇ ಕಾರಣಕ್ಕೆ. ಸೋಲಾಪುರದ ಹಳೆಯ ಗಿರಣಿಗಳ ಭೋಂಗಾ ಈಗ ಕೂಗುವುದಿಲ್ಲ. ಬೇಲಿಯೂ ಇಲ್ಲ. ಆದರೆ ಒಂದು ಕಂಪಾಸ್ ಪೆಟ್ಟಿಗೆ ಕಳೆದರೆ ಸಾಕು, ಹಳೆಯ ಹಾಜರಿ ಪುಸ್ತಕ ನಮ್ಮ ಮಕ್ಕಳ ಕಣ್ಣಲ್ಲಿ ತೆರೆದುಕೊಳ್ಳುತ್ತದೆ.

ಮರುದಿನ ಇತಿಹಾಸದ ತಾಸಿನಲ್ಲಿ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆವು, ಯಾರ ಹೆಸರನ್ನೂ ಎತ್ತಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗ ಎದ್ದು ಕೇಳಿದ: "ಸರ್, ವಿಮಾನದ ಸಾವುಕಾರರ ಪಾಠ ಪುಸ್ತಕದಾಗ ಬರಬಹುದು. ನಮ್ಮ ಮುತ್ಯಾಂದು ಯಾವಾಗ ಬರತದ್ರಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇವೆ. ಗಡಿಭಾಗದ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ: ನಿಮ್ಮ ಊರಿನಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ ಮಕ್ಕಳನ್ನು ಅವರ ಹತ್ತಿರ ಕಳಿಸಿರಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಸಿರಿ. ಪಠ್ಯಪುಸ್ತಕದಲ್ಲಿ ಬರುವವರೆಗೆ ನಮ್ಮ ಶಾಲೆಯ ಕಪಾಟಿನಲ್ಲಾದರೂ ಅದು ಇರಲಿ.