ಲೇಪಾಕ್ಷಿಯ ವೀಣೆ, ಹವಾಯಿಯ ಯುಕುಲೇಲೆ

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಲೇಪಾಕ್ಷಿಯ ವೀರಭದ್ರಸ್ವಾಮಿ ದೇವಾಲಯವನ್ನು ನೋಡದವರು ನಮ್ಮ ಸಂಘದಲ್ಲಿ ಇರಲಾರರು. ಅಲ್ಲಿನ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ನರ್ತಿಸುತ್ತಾಳೆ, ಬ್ರಹ್ಮ ಮದ್ದಳೆ ನುಡಿಸುತ್ತಾನೆ, ತುಂಬುರ ವೀಣೆ ಹಿಡಿದು ನಿಂತಿದ್ದಾನೆ. ನೆಲಕ್ಕೆ ತಾಗದ ಕಂಬದ ಕೆಳಗೆ ಬಟ್ಟೆ ತೂರಿಸಿ ಬೆರಗಾಗುವ ಪ್ರವಾಸಿಗರು ಈ ವಾದ್ಯಗೋಷ್ಠಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಈ ಸೀಮೆಯ ಜನ ಐದು ಶತಮಾನಗಳ ಹಿಂದೆಯೇ ತಂತಿವಾದ್ಯಕ್ಕೆ ಯಾವ ಸ್ಥಾನ ಕೊಟ್ಟಿದ್ದರೆಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಇದನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ರಜೆಗೆ ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಬರುವಾಗ ಈಚೆಗೆ ಒಂದು ಪುಟ್ಟ ವಾದ್ಯವನ್ನು ಹೆಗಲಿಗೇರಿಸಿಕೊಂಡು ಬರುವುದುಂಟು. ಗಿಟಾರಿನ ಮರಿಯಂತೆ ಕಾಣುವ, ನಾಲ್ಕೇ ತಂತಿಗಳ ಈ ವಾದ್ಯಕ್ಕೆ ಯುಕುಲೇಲೆ ಎಂದು ಹೆಸರು. “ಇದೆಂಥ ಆಟಿಕೆ? ಇದರಲ್ಲಿ ನಮ್ಮದೆನ್ನುವುದು ಏನಿದೆ?” ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಎಂದು ಹಂಚಿಹೋಗಿರುವ ಗಡಿನಾಡಿನ ಮಗುವಿನ ಕೈಗೆ ಇನ್ನೊಂದು ಪರಕೀಯ ವಸ್ತು ಬಂದಿತಲ್ಲ ಎಂಬ ಆತಂಕ ಅದರ ಹಿಂದಿದೆ. ಈ ಪ್ರಶ್ನೆಗೆ ಇತಿಹಾಸ ಏನು ಉತ್ತರ ಹೇಳುತ್ತದೆಂದು ನೋಡೋಣ.

ಲೇಪಾಕ್ಷಿಯ ದೇವಾಲಯ ಬೆಳೆದುದು ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ಅಂದರೆ 1529ರಿಂದ 1542ರವರೆಗಿನ ಅವಧಿಯಲ್ಲಿ. ಪೆನುಗೊಂಡೆಯ ಅಧಿಕಾರಿಯಾಗಿದ್ದ ವಿರೂಪಣ್ಣನು ಅದನ್ನು ಕಟ್ಟಿಸಿದನೆಂಬುದು ಪ್ರಸಿದ್ಧ. ಅಲ್ಲಿನ ಕನ್ನಡ ಶಾಸನಗಳು ಆ ಕಾಲದ ಈ ನೆಲದ ಭಾಷೆಗೆ ಸಾಕ್ಷಿಯಾಗಿವೆ. ಇದಾದ ಸ್ವಲ್ಪ ಕಾಲದಲ್ಲಿಯೇ, 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ ಎಂಬ ಸಂಸ್ಕೃತ ಶಾಸ್ತ್ರಗ್ರಂಥವನ್ನು ರಚಿಸಿದನು. ವೀಣೆಯ ತಂತಿಗಳನ್ನು ಹೇಗೆ ಶ್ರುತಿ ಮಾಡಬೇಕು, ಯಾವ ಮೆಟ್ಟಿಲಿನಲ್ಲಿ ಯಾವ ಸ್ವರ ನುಡಿಯುತ್ತದೆ ಎಂಬುದನ್ನು ಅವನು ಅದರಲ್ಲಿ ಒಂದೊಂದಾಗಿ ವಿವರಿಸಿದ್ದಾನೆ. ಅವನು ಹೇಳುವ ವೀಣೆಯೊಂದಕ್ಕೆ ಅಚ್ಯುತರಾಯನ ಹೆಸರೇ ಇದೆ. ಅವನು ಎಣಿಸಿದ 20 ಮೇಳಗಳಲ್ಲಿ ಮಾಳವಗೌಳವೂ ಒಂದು.

ಮಾಳವಗೌಳವೆಂದೊಡನೆ ಸಂಗೀತ ಕಲಿತ ಯಾರಿಗಾದರೂ ಪುರಂದರದಾಸರ ನೆನಪಾಗುತ್ತದೆ. 1564ರಲ್ಲಿ ಕೀರ್ತಿಶೇಷರಾದ ದಾಸರೇ ಸರಳೆವರಸೆ, ಜಂಟಿವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳೆಂಬ ಪಾಠಕ್ರಮವನ್ನು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ತಮಿಳು, ತೆಲುಗು, ಮಲಯಾಳ ಮಾತನಾಡುವ ಮಕ್ಕಳೂ ಇಂದಿಗೂ ಕರ್ನಾಟಕ ಸಂಗೀತದ ಬಾಗಿಲನ್ನು ತೆರೆಯುವುದು ಈ ಕನ್ನಡ ದಾಸರ ಹೆಸರಿನಲ್ಲಿಯೇ. ಲೇಪಾಕ್ಷಿಯ ಶಿಲ್ಪ, ರಾಮಾಮಾತ್ಯನ ಶಾಸ್ತ್ರ, ದಾಸರ ಪಾಠಕ್ರಮ ಈ ಮೂರೂ ಒಂದೇ ಸಾಮ್ರಾಜ್ಯದ ಕೆಲವೇ ದಶಕಗಳ ಫಲಗಳು.

ಇನ್ನು ಯುಕುಲೇಲೆಯ ಕಥೆ. ಅಚ್ಯುತರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದು ವೃತ್ತಾಂತ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜನನ್ನು ನಾವು ಪಾಠಪುಸ್ತಕಗಳಲ್ಲಿ ಓದಿದ್ದೇವೆ. ಅದೇ ಮನೆಹೆಸರಿನ ಮತ್ತೊಬ್ಬನು ಈ ಕಥೆಯಲ್ಲಿಯೂ ಬರುತ್ತಾನೆ. ಹೆಸರಿನ ಹೊರತು ಬೇರೆ ನಂಟನ್ನು ಕಲ್ಪಿಸಬೇಕಾಗಿಲ್ಲ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರಾಗ್’ ಎಂಬ ಹಡಗು ಪೋರ್ಚುಗಲ್ಲಿಗೆ ಸೇರಿದ ಮಡೈರಾ ದ್ವೀಪದಿಂದ ಹೊರಟು ಹವಾಯಿ ದ್ವೀಪಗಳ ಹೊನೊಲುಲುವನ್ನು ತಲುಪಿತು. ಕಬ್ಬಿನ ತೋಟಗಳ ಕೂಲಿಗೆಂದು ಬಂದ ನಾನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಅವರಲ್ಲಿ ಮ್ಯಾನುಯೆಲ್ ನ್ಯೂನಿಸ್, ಆಗಸ್ಟೋ ಡಿಯಾಸ್, ಜೋಸೆ ಡೊ ಎಸ್ಪಿರಿತೊ ಸಾಂತೊ ಎಂಬ ಮೂವರು ಮರಗೆಲಸದವರು. ತಮ್ಮೂರಿನ ‘ಮಶೆಟೆ’ ಎಂಬ ಕಿರುವಾದ್ಯವನ್ನು ಅವರು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು. ತಂತಿಗಳ ಮೇಲೆ ಬೆರಳು ಹಾರುವ ವೇಗವನ್ನು ಕಂಡು ಜನ ಅದನ್ನು ‘ಜಿಗಿಯುವ ಚಿಗಟ’ ಎಂಬರ್ಥದಲ್ಲಿ ಯುಕುಲೇಲೆ ಎಂದರಂತೆ. ‘ಇಲ್ಲಿಗೆ ಬಂದ ಕಾಣಿಕೆ’ ಎಂಬ ಇನ್ನೊಂದು ಅರ್ಥವನ್ನು ಹವಾಯಿಯ ರಾಣಿ ಲಿಲಿಯುಓಕಲಾನಿ ಹೇಳಿದಳೆಂದೂ ಪ್ರತೀತಿ ಇದೆ. ಅವಳ ಅಣ್ಣ ಕಲಾಕಾವಾ ದೊರೆ ಈ ವಾದ್ಯವನ್ನು ಅರಮನೆಗೆ ಬರಮಾಡಿಕೊಂಡನು. 1915ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಪ್ರದರ್ಶನದ ಬಳಿಕ ಅಮೆರಿಕದ ಮನೆಮನೆಗೂ ಅದು ಹಬ್ಬಿತು.

ಹೀಗೆ ಕೂಲಿಕಾರರ ಜೊತೆಯಲ್ಲಿ ಬಂದ ಹೊರಗಿನ ವಾದ್ಯವೊಂದನ್ನು ಹವಾಯಿ ಜನ ಒಂದೇ ತಲೆಮಾರಿನಲ್ಲಿ ತಮ್ಮದನ್ನಾಗಿ ಮಾಡಿಕೊಂಡರು. ನಮ್ಮ ಸಂಗೀತವೂ ಇದನ್ನೇ ಮಾಡಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಪಿಟೀಲನ್ನು ಒಲಿಸಿಕೊಂಡರು. ಇಂದು ಪಿಟೀಲಿಲ್ಲದ ಕಚೇರಿಯೇ ಅಪರೂಪ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿಯೂ, ಆಂಧ್ರದ ಯು. ಶ್ರೀನಿವಾಸ್ ಮ್ಯಾಂಡೊಲಿನ್‌ನಲ್ಲಿಯೂ ರಾಗಗಳನ್ನು ನುಡಿಸಿ ಲೋಕವಿಖ್ಯಾತರಾದರು.

ಯುಕುಲೇಲೆಯನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಮಗು ಎಲ್ಲಿಂದ ತೊಡಗಬೇಕು? ದಾಸರ ಪಾಠದಿಂದಲೇ ತೊಡಗಬಹುದೆಂಬುದು ಸಂತೋಷದ ಸಂಗತಿ. ರೂಢಿಯಲ್ಲಿರುವ ಶ್ರುತಿಯಲ್ಲಿ, ಗಲ್ಲದ ಕಡೆಯಿಂದ ಎಣಿಸಿದರೆ ಎರಡನೆಯ ತಂತಿಯನ್ನು ಷಡ್ಜವೆಂದು ಹಿಡಿದಾಗ, ನಾಲ್ಕು ತಂತಿಗಳು ಕ್ರಮವಾಗಿ ಪಂಚಮ, ಷಡ್ಜ, ಅಂತರ ಗಾಂಧಾರ, ಚತುಶ್ರುತಿ ಧೈವತಗಳಾಗುತ್ತವೆ. ಒಂದೊಂದು ಮನೆಗೂ ಒಂದೊಂದು ಸ್ವರಸ್ಥಾನ ಏರುತ್ತದೆ. ಹನ್ನೆರಡನೆಯ ಮನೆಗೆ ಒಂದು ಸ್ಥಾಯಿ ಪೂರ್ಣ. ಷಡ್ಜದ ತಂತಿಯನ್ನು ಬಿಡಿಯಾಗಿ ಮೀಟಿದರೆ ಸ, ಅದರ ಮೊದಲ ಮನೆಯಲ್ಲಿ ಶುದ್ಧ ರಿಷಭ. ಮುಂದಿನ ತಂತಿಯನ್ನು ಬಿಡಿಯಾಗಿ ಮೀಟಿದರೆ ಗ, ಅದರ ಒಂದನೆಯ ಮನೆಯಲ್ಲಿ ಮ, ಮೂರರಲ್ಲಿ ಪ, ನಾಲ್ಕರಲ್ಲಿ ಶುದ್ಧ ಧೈವತ. ಕೊನೆಯ ತಂತಿಯ ಎರಡನೆಯ ಮನೆಯಲ್ಲಿ ಕಾಕಲಿ ನಿಷಾದ, ಮೂರರಲ್ಲಿ ತಾರಷಡ್ಜ. ಮಾಳವಗೌಳದ ಆರೋಹಣ ಹೀಗೆ ಮೊದಲ ನಾಲ್ಕು ಮನೆಗಳೊಳಗೇ ಮುಗಿಯುತ್ತದೆ. ಮಗುವಿನ ಅಂಗೈ ಜರುಗಬೇಕಾಗಿಯೇ ಇಲ್ಲ. ಗಲ್ಲದ ಬಳಿಯ ಪಂಚಮದ ತಂತಿಯನ್ನು ಹೆಬ್ಬೆರಳಿನಿಂದ ಆಗಾಗ ಮೀಟಿದರೆ ವೀಣೆಯ ತಾಳದ ತಂತಿಯಂತೆ ಶ್ರುತಿಯ ಆಸರೆಯೂ ದೊರೆಯುತ್ತದೆ.

ಬೆರಳನ್ನು ಮೆಟ್ಟಿಲಿನ ಮೇಲಲ್ಲ, ಅದರ ಹಿಂಬದಿಗೆ ಒತ್ತಿಟ್ಟು ಹಿಡಿಯಬೇಕು. ನೈಲಾನ್ ತಂತಿಗಳಾದ್ದರಿಂದ ಎಳೆಯ ಬೆರಳು ನೋಯುವುದು ಕಡಿಮೆ. ಆದರೆ ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ. ಮೊದಲ ಕೆಲವು ದಿನ ಬಿರಡೆಗಳನ್ನು ತಿರುಗಿಸಿ ಪದೇ ಪದೇ ಶ್ರುತಿ ಮಾಡಬೇಕಾಗುತ್ತದೆ. ಇದನ್ನು ತೊಂದರೆಯೆಂದು ತಿಳಿಯಬಾರದು. ಕಿವಿಯನ್ನು ಹದಗೊಳಿಸುವ ಮೊದಲ ಪಾಠವೇ ಇದು. ಒಂದನೆಯ ಕಾಲದಲ್ಲಿ ಸರಳೆ ಸ್ಥಿರವಾಗುವವರೆಗೆ ಎರಡನೆಯ ಕಾಲಕ್ಕೆ ಹೋಗಬಾರದೆಂಬ ಹಳೆಯ ನಿಯಮ ಇಲ್ಲಿಗೂ ಸಲ್ಲುತ್ತದೆ.

ವಾದ್ಯದ ಮಿತಿಯನ್ನೂ ಹೇಳಬೇಕು. ವೀಣೆಯ 24 ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದು ಗಮಕ ಹೊರಡಿಸುವಂತೆ ಇಲ್ಲಿ ಎಳೆಯಲಾಗದು. ನಾದವೂ ಬೇಗ ಅಡಗುತ್ತದೆ. ತೋಡಿ, ಭೈರವಿಗಳ ವಿಸ್ತಾರ ಇದರಲ್ಲಿ ಸಲ್ಲದು. ಇದು ಹೊಸ್ತಿಲೇ ಹೊರತು ಗರ್ಭಗುಡಿಯಲ್ಲ. ಹೊಸ್ತಿಲು ದಾಟಿದ ಮಗು ಮುಂದೆ ವೀಣೆಗೋ ಪಿಟೀಲಿಗೋ ಹಾಡಿಕೆಗೋ ಹೋಗಲು ಅಡ್ಡಿಯಿಲ್ಲ.

ಕಲ್ಯಾಣದುರ್ಗದ ಸೀಮೆಯಲ್ಲಿ ಈ ಮಾತಿಗೆ ದೊಡ್ಡ ನಿದರ್ಶನವಿದೆ. ಅಲ್ಲಿನ ರಾಳ್ಲಪಲ್ಲಿ ಗ್ರಾಮದಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣಶರ್ಮರು ಮೈಸೂರಿಗೆ ಹೋಗಿ ಕರಿಗಿರಿರಾಯರು, ಬಿಡಾರಂ ಕೃಷ್ಣಪ್ಪನವರಂಥವರ ಸಹವಾಸದಲ್ಲಿ ಸಂಗೀತ ಕಲಿತರು. ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಬೋಧಿಸಿದರು, ಸಂಗೀತವನ್ನು ಕುರಿತು ಕನ್ನಡದಲ್ಲಿ ‘ಗಾನಕಲೆ’ಯನ್ನು ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳನ್ನು ಪರಿಷ್ಕರಿಸಿ ಹಲವಕ್ಕೆ ರಾಗ ಸಂಯೋಜಿಸಿದರು. 1974ರಲ್ಲಿ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. ಎರಡು ಭಾಷೆಗಳ ನಡುವೆ ಹುಟ್ಟಿದುದನ್ನು ಅವರು ಕೊರತೆಯೆಂದು ಎಣಿಸಲಿಲ್ಲ, ಎರಡಕ್ಕೂ ದುಡಿದರು.

ಭಾಷೆಯನ್ನು ಉಳಿಸಬೇಕೆಂದು ನಾವು ವೇದಿಕೆಗಳಲ್ಲಿ ವರ್ಷವರ್ಷವೂ ಹೇಳುತ್ತೇವೆ. ಕನ್ನಡ ಓದಲು ಬಾರದ ಮಗುವಿಗೆ ವ್ಯಾಕರಣದ ಪುಸ್ತಕ ಹಿಡಿಸುವುದು ಕಷ್ಟ. ಆದರೆ ದಾಸರ ಒಂದು ಪದವನ್ನು ನುಡಿಸಬಯಸುವ ಮಗು ಅದರ ಸಾಹಿತ್ಯವನ್ನು ಓದಲು ತಾನಾಗಿಯೇ ಅಕ್ಷರ ಕೇಳುತ್ತದೆ. ಅರ್ಥ ತಿಳಿಯಲು ಅಜ್ಜಿಯ ಬಳಿ ಕುಳಿತುಕೊಳ್ಳುತ್ತದೆ. ಆದುದರಿಂದ ನಮ್ಮ ಸಂಘವು ವಾರಕ್ಕೊಂದು ಗಂಟೆಯನ್ನಾದರೂ ಮಕ್ಕಳ ಸಂಗೀತಕ್ಕೆ ಮೀಸಲಿಡಲೆಂದು ಕೋರುತ್ತೇನೆ. ಮೊದಲ ಪಾಠ ಮಾಳವಗೌಳದ್ದಾಗಲಿ, ಮೊದಲ ಹಾಡು ದಾಸರದ್ದಾಗಲಿ. ವಾದ್ಯವನ್ನು ಮಗುವೇ ಆರಿಸಿಕೊಳ್ಳಲಿ.