ಖತೀಬರು ಓದಿದ ಪತ್ರ

ಹಿಜರಿ 5ನೇ ಶತಮಾನದ ಬಗ್ದಾದ್. ಅಬ್ಬಾಸೀ ಖಲೀಫ ಅಲ್ ಖಾಇಮ್‌ರ ಆಳ್ವಿಕೆ. ಅವರ ವಝೀರ್ ಇಬ್ನುಲ್ ಮುಸ್ಲಿಮಾರ ಮುಂದೆ ಒಂದು ಪತ್ರ ಬಂತು. ಖೈಬರ್‌ನ ಯಹೂದಿಯರಿಗೆ ಪ್ರವಾದಿಯವರು(ಸ) ಜಿಝಿಯಾ ತೆರಿಗೆಯಿಂದ ವಿನಾಯಿತಿ ನೀಡಿದ್ದಾರೆ ಎಂದು ಅದರಲ್ಲಿತ್ತು. ಕೈಬರಹ ಅಲಿ(ರ)ಯವರದೆಂದು ಹೇಳಲಾಯಿತು. ಸಾಕ್ಷಿಗಳಾಗಿ ಸಹಾಬಿಗಳ ಹೆಸರುಗಳೂ ಇದ್ದವು.

ಕಣ್ಣು ಮುಚ್ಚಿ ಒಪ್ಪಿದರೆ, ಹೇಳದ ಮಾತನ್ನು ಪ್ರವಾದಿಯವರ(ಸ) ಹೆಸರಿಗೆ ಹಚ್ಚಿದಂತೆ. ವಿಚಾರಿಸದೆ ತಳ್ಳಿದರೆ, ಒಂದು ಸಮುದಾಯದ ಹಕ್ಕನ್ನು ಕಸಿದಂತೆ. ವಝೀರರು ಪತ್ರವನ್ನು ಹದೀಸ್ ವಿದ್ವಾಂಸ ಖತೀಬ್ ಬಗ್ದಾದಿಯವರಿಗೆ ತೋರಿಸಿದರು.

ಖತೀಬರು ಓದಿ ನೋಡಿ, ಇದು ನಕಲಿ ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಎರಡು ಕಾರಣ ಕೊಟ್ಟರು. ಪತ್ರದಲ್ಲಿ ಮುಆವಿಯಾ(ರ)ರ ಸಾಕ್ಷ್ಯವಿದೆ. ಖೈಬರ್ ಗೆದ್ದದ್ದು ಹಿಜರಿ 7ರಲ್ಲಿ, ಅವರು ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರ ಮಕ್ಕಾ ವಿಜಯದ ವೇಳೆ. ಸಅದ್ ಬಿನ್ ಮುಆದ್(ರ)ರ ಸಾಕ್ಷ್ಯವೂ ಇದೆ. ಅವರು ಖಂದಕ್ ಯುದ್ಧದ ವರ್ಷ, ಹಿಜರಿ 5ರಲ್ಲೇ ತೀರಿಕೊಂಡಿದ್ದರು. ವಝೀರರು ಪತ್ರವನ್ನು ಮಾನ್ಯ ಮಾಡಲಿಲ್ಲ.

ಗಮನಿಸಿ, ಖತೀಬರು ಪತ್ರ ತಂದವರ ಧರ್ಮವನ್ನು ನೋಡಿ ತೀರ್ಪು ಕೊಡಲಿಲ್ಲ, ಪತ್ರವನ್ನೇ ಪರೀಕ್ಷಿಸಿದರು. ಅದು ಹದೀಸ್ ವಿದ್ವಾಂಸರ ಶಿಸ್ತು. ಯಾರಿಂದ ಕೇಳಿದೆ? ಅವರನ್ನು ಭೇಟಿಯಾಗಿದ್ದೆಯಾ? ಅವರು ಬದುಕಿದ್ದ ಕಾಲ ಯಾವುದು? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯನ್ನು ಅವರು ನಂಬುತ್ತಿರಲಿಲ್ಲ. ತಮ್ಮ ಪಂಗಡದ ಪರವಾಗಿ ಹದೀಸ್ ಕಟ್ಟಿದ ಮುಸ್ಲಿಮರನ್ನೂ ಬಿಡದೆ ಬಯಲಿಗೆಳೆದರು. ಖತೀಬರ 'ತಾರೀಖ್ ಬಗ್ದಾದ್'ನಲ್ಲಿ 7,000ಕ್ಕೂ ಹೆಚ್ಚು ಮಂದಿಯ ವಿವರಗಳಿವೆ. ಹೇಳಿದವನು ಯಾರೆಂದು ತಿಳಿಯದೆ ಹೇಳಿದ ಮಾತನ್ನು ತೂಗುವುದು ಕಷ್ಟವೆಂದು ಅವರು ಅರಿತಿದ್ದರು. ಬಂದ ಸುದ್ದಿಯನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಯಾರಿಗಾದರೂ ಹಾನಿ ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬುದು ಸೂರಃ ಅಲ್ ಹುಜುರಾತ್‌ನ 6ನೇ ವಚನದ ಎಚ್ಚರಿಕೆ.

ಇಂದು ಅಂಥ ಪತ್ರಗಳು ನಮ್ಮ ಮಕ್ಕಳ ಕೈಯ ಮೊಬೈಲಿಗೇ ಬರುತ್ತಿವೆ. ದೊಡ್ಡ ಹೆಸರು, ಹಳೆಯ ಚಿತ್ರ, ಎಲ್ಲಿಯದೋ ವೀಡಿಯೊ. ಅವುಗಳಿಂದ ಊರುಗಳು ಹೊತ್ತಿ ಉರಿದದ್ದೂ ಉಂಟು. ಈ ವಾರ ಮಕ್ಕಳೊಂದಿಗೆ ಕುಳಿತು ಒಂದು ಸಂದೇಶವನ್ನು ಆರಿಸಿ. ಹೇಳಿದವರು ಯಾರು, ಅವರು ಅಲ್ಲಿದ್ದರೇ, ದಿನಾಂಕ ಹೊಂದುತ್ತದೆಯೇ ಎಂದು ನೋಟ್‌ಬುಕ್‌ನಲ್ಲಿ ಬರೆಯಿಸಿ. ಆರಿಸುವಾಗ ನಮ್ಮ ವಿರುದ್ಧದ ಸಂದೇಶ ಬೇಡ. ನಮಗೆ ಬಹಳ ಇಷ್ಟವಾಗಿ ಆಗಲೇ ಹತ್ತು ಮಂದಿಗೆ ಕಳುಹಿಸಿಬಿಟ್ಟ ಸಂದೇಶದಿಂದಲೇ ಆರಂಭಿಸೋಣ.