ಆಲ್ ಸ್ಟಾರ್ ಕುರ್ಚಿ ಯಾರದ್ದು? ಎ.ಸಿ. ಗ್ರೀನ್‌ರಿಂದ ವಿಗಿನ್ಸ್‌ವರೆಗೆ ಎನ್‌ಬಿಎ ವೋಟಿನ ಜಗಳ

ಇವತ್ತಿನ ಕಥೆ ಶುರುವಾಗೋದು ಒಬ್ಬರ ಸಿಟ್ಟಿನಿಂದ.

1990ರ ಜನವರಿ 27. ಯೂಟಾ ಜಾಝ್ ತಂಡದ ಕಾರ್ಲ್ ಮಲೋನ್ ಮಿಲ್ವಾಕಿ ಬಕ್ಸ್ ವಿರುದ್ಧ ಆಡೋಕೆ ಇಳಿದರು. 33 ನಿಮಿಷ ಆಡಿ 61 ಪಾಯಿಂಟ್ ಹೊಡೆದರು. ಪಾಪ, ಬಕ್ಸ್ ಏನೂ ತಪ್ಪು ಮಾಡಿರಲಿಲ್ಲ. ಮಲೋನ್ ಸಿಟ್ಟಿದ್ದದ್ದು ಅಭಿಮಾನಿಗಳ ವೋಟಿನ ಮೇಲೆ. ಆ ವರ್ಷದ ಆಲ್ ಸ್ಟಾರ್ ಪಂದ್ಯಕ್ಕೆ ವೆಸ್ಟ್ ತಂಡದ ಮೊದಲ ಐವರಲ್ಲಿ ಅವರ ಹೆಸರು ಇರಲಿಲ್ಲ. ಅವರ ಜಾಗಕ್ಕೆ ಬಂದವರು ಲೇಕರ್ಸ್ ತಂಡದ ಎ.ಸಿ. ಗ್ರೀನ್.

ಆ ಸೀಸನ್‌ನಲ್ಲಿ ಮಲೋನ್ ಸರಾಸರಿ 31 ಪಾಯಿಂಟ್. ಲೀಗ್‌ನಲ್ಲಿ ಅವರಿಗಿಂತ ಮೇಲಿದ್ದದ್ದು ಮೈಕಲ್ ಜೋರ್ಡನ್ ಒಬ್ಬರೇ. ಗ್ರೀನ್ ಸರಾಸರಿ 12.9. ಗ್ರೀನ್ ಕೆಟ್ಟ ಆಟಗಾರ ಖಂಡಿತ ಅಲ್ಲ. ಮುಂದೆ ಒಂದೂ ಪಂದ್ಯ ತಪ್ಪಿಸದೆ ಸತತ 1,192 ಪಂದ್ಯ ಆಡಿ ದಾಖಲೆ ಮಾಡಿದ ಮನುಷ್ಯ. ಆದರೆ ಮಲೋನ್ ಪಕ್ಕ ನಿಲ್ಲಿಸಿದರೆ? ಆಲ್ ಸ್ಟಾರ್ ಪಂದ್ಯದಲ್ಲಿ ಗ್ರೀನ್ 12 ನಿಮಿಷ ಆಡಿದರು, ಒಂದೂ ಪಾಯಿಂಟ್ ಬರಲಿಲ್ಲ. ಕೋಚ್‌ಗಳು ಮಲೋನ್‌ರನ್ನು ಬದಲಿ ಆಟಗಾರನಾಗಿ ಆರಿಸಿದ್ದರು, ಆದರೆ ಗಾಯದಿಂದ ಅವರು ಆಡಲೇ ಇಲ್ಲ.

"ಅರ್ಹತೆ ಇಲ್ಲದ ಆಲ್ ಸ್ಟಾರ್‌ಗಳು" ಅನ್ನೋ ಪಟ್ಟಿ ಯಾರೇ ಮಾಡಲಿ, ಈ ಹೆಸರು ಬಂದೇ ಬರುತ್ತೆ. ನನಗೆ ಆ ಪಟ್ಟಿಗಳ ಬಗ್ಗೆ ಒಂದು ತಕರಾರಿದೆ. ಅವುಗಳಲ್ಲಿ ಬಂದವನ ಅಂಕಿಅಂಶ ಮಾತ್ರ ನೋಡ್ತಾರೆ. ಅವನು ಬಂದಿದ್ದರಿಂದ ಯಾರು ಎದ್ದು ಹೋಗಬೇಕಾಯ್ತು, ಅವನನ್ನು ಕೂರಿಸಿದ್ದು ಯಾರು, ಇದನ್ನ ಕೇಳೋದಿಲ್ಲ. ಆ ಎರಡು ಪ್ರಶ್ನೆ ಕೇಳಿ ನೋಡಿದರೆ ಪಟ್ಟಿ ಬೇರೆ ಥರ ಕಾಣುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಎನ್‌ಬಿಎ ಆಲ್ ಸ್ಟಾರ್ ಪಂದ್ಯ ನಡೆದದ್ದು 1951ರ ಮಾರ್ಚ್ 2ರಂದು, ಬಾಸ್ಟನ್ ಗಾರ್ಡನ್‌ನಲ್ಲಿ. ಆಗ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ದುಡ್ಡು ತಗೊಂಡು ಸ್ಕೋರ್ ತಿರುಚಿದ ಹಗರಣ ಹೊರಬಿದ್ದಿತ್ತು. ಆಟದ ಮೇಲೆ ಜನಕ್ಕೆ ನಂಬಿಕೆ ಹೋಗಿತ್ತು. ಎನ್‌ಬಿಎ ಇನ್ನೂ ಬಡ ಲೀಗ್. ಪ್ರಚಾರ ನೋಡಿಕೊಳ್ತಿದ್ದ ಹ್ಯಾಸ್ಕೆಲ್ ಕೋಹೆನ್ ಈ ಐಡಿಯಾ ಕೊಟ್ಟರು. ನಷ್ಟವಾದರೆ ನಾನು ತುಂಬಿಕೊಡ್ತೀನಿ ಅಂತ ಸೆಲ್ಟಿಕ್ಸ್ ಮಾಲೀಕ ವಾಲ್ಟರ್ ಬ್ರೌನ್ ಮುಂದೆ ಬಂದರು. 10,094 ಜನ ಬಂದರು. ಆ ಕಾಲದ ಮಾಮೂಲಿ ಪಂದ್ಯಕ್ಕೆ ಬರ್ತಿದ್ದ ಜನಕ್ಕಿಂತ ಇದು ತುಂಬಾ ಜಾಸ್ತಿ.

ಅಂದ್ರೆ ಇದು ಹುಟ್ಟಿದ್ದೇ ಪ್ರಚಾರಕ್ಕೆ. ಯಾರು ಶ್ರೇಷ್ಠರು ಅಂತ ತೀರ್ಮಾನ ಮಾಡೋದಕ್ಕೆ ಅಲ್ಲ. ಆ ಗೌರವ ಆಮೇಲೆ ಸೇರಿಕೊಂಡಿದ್ದು.

ಆರಂಭದಲ್ಲಿ ಆಟಗಾರರನ್ನು ಆರಿಸ್ತಿದ್ದವರು ಕ್ರೀಡಾ ಪತ್ರಕರ್ತರು. ಹಾಗಾದ್ರೆ ಆಯ್ಕೆ ಶುದ್ಧವಾಗಿತ್ತು ಅನ್ನೋಣವೇ? 1950ರ ಅಕ್ಟೋಬರ್ ಕೊನೆಯಲ್ಲಿ ಎನ್‌ಬಿಎಯಲ್ಲಿ ಕಪ್ಪು ಆಟಗಾರರು ಆಡೋಕೆ ಶುರು ಮಾಡಿದ್ದರು: ಅರ್ಲ್ ಲಾಯ್ಡ್, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್. ಆದರೆ 1951 ಮತ್ತು 1952ರ ಆಲ್ ಸ್ಟಾರ್ ಪಂದ್ಯಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಮೊದಲ ಬಾರಿ ಆಯ್ಕೆಯಾದವರು ಡಾನ್ ಬಾರ್ಕ್ಸ್‌ಡೇಲ್, 1953ರಲ್ಲಿ. ಆ ಕಾಲದಲ್ಲಿ ಅನರ್ಹರು ಯಾರಿದ್ದರು ಅಂತ ಹುಡುಕೋಕೆ ಮುಂಚೆ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಅಭಿಮಾನಿಗಳ ಕೈಗೆ ವೋಟು ಬಂದದ್ದು 1975ರ ಪಂದ್ಯಕ್ಕೆ. ಇದು ಅಪಾಯದ ಕೆಲಸ ಅಂತ ಬೇಸ್‌ಬಾಲ್ ಆಗಲೇ ತೋರಿಸಿಕೊಟ್ಟಿತ್ತು. 1957ರಲ್ಲಿ ಸಿನ್ಸಿನಾಟಿ ಜನ ರಾಶಿಗಟ್ಟಲೆ ಮತಪತ್ರ ತುಂಬಿ ಕಳಿಸಿ, ನ್ಯಾಷನಲ್ ಲೀಗ್‌ನ ಎಂಟು ಸ್ಥಾನಗಳಲ್ಲಿ ಏಳನ್ನು ತಮ್ಮೂರ ತಂಡಕ್ಕೇ ಕೊಡಿಸಿಬಿಟ್ಟರು. ಕಮಿಷನರ್ ಫೋರ್ಡ್ ಫ್ರಿಕ್ ಇಬ್ಬರನ್ನು ತೆಗೆದು ವಿಲ್ಲೀ ಮೇಸ್ ಮತ್ತು ಹ್ಯಾಂಕ್ ಆರನ್ ಅವರನ್ನು ಸೇರಿಸಿದರು. ಅಭಿಮಾನಿಗಳ ವೋಟಿಗೆ 1970ರವರೆಗೆ ಬೀಗ ಬಿತ್ತು. ಎನ್‌ಬಿಎ ಇದೆಲ್ಲ ಗೊತ್ತಿದ್ದೂ ಆ ದಾರಿ ಹಿಡೀತು. ಆದರೆ ಪೂರ್ತಿ ಕೊಡಲಿಲ್ಲ. ಮೊದಲ ಐವರು ಅಭಿಮಾನಿಗಳದ್ದು, ಬದಲಿ ಆಟಗಾರರು ಕೋಚ್‌ಗಳದ್ದು.

ಎರಡೇ ವರ್ಷದ ಆಚೆ, ಗ್ರೀನ್‌ಗಿಂತ ವಿಚಿತ್ರವಾದ ಕೇಸು ಬಂತು. 1991ರ ನವೆಂಬರ್ 7ರಂದು ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಅಂತ ಹೇಳಿ ನಿವೃತ್ತರಾದರು. ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆದರೂ ಜನ ವೋಟು ಹಾಕಿ ಅವರನ್ನು ವೆಸ್ಟ್ ತಂಡದ ಮೊದಲ ಐವರಲ್ಲಿ ಸೇರಿಸಿದರು. ಅಂಕಿಅಂಶದ ಲೆಕ್ಕದಲ್ಲಿ ಇದಕ್ಕಿಂತ ಅನರ್ಹ ಆಯ್ಕೆ ಇಲ್ಲವೇ ಇಲ್ಲ. ಸೊನ್ನೆ ಪಂದ್ಯ, ಸೊನ್ನೆ ಪಾಯಿಂಟ್.

ಆದರೆ ಆಗಿನ ವಿರೋಧ ಅಂಕಿಅಂಶದ ಬಗ್ಗೆ ಇರಲಿಲ್ಲ, ಭಯದ ಬಗ್ಗೆ ಇತ್ತು. ಅಂಗಳದಲ್ಲಿ ಗಾಯವಾಗಿ ರಕ್ತ ಬಂದರೆ ಏನು ಗತಿ ಅಂತ ಕೇಳಿದವರಲ್ಲಿ ಕಾರ್ಲ್ ಮಲೋನ್ ಇದ್ದರು. ಮ್ಯಾಜಿಕ್ ಆಡಬಾರದು ಅಂದವರಲ್ಲಿ ಅವರದ್ದೇ ಹಳೆಯ ತಂಡದವರಾದ ಬೈರನ್ ಸ್ಕಾಟ್ ಮತ್ತು ಎ.ಸಿ. ಗ್ರೀನ್ ಇದ್ದರು. ಹೌದು, ಅದೇ ಗ್ರೀನ್. ಇನ್ನೊಂದು ಕಡೆ, ಗೋಲ್ಡನ್ ಸ್ಟೇಟ್‌ನ ಟಿಮ್ ಹಾರ್ಡವೇ ಮೊದಲ ಐವರಲ್ಲಿ ತನಗಿದ್ದ ಜಾಗ ಬಿಟ್ಟುಕೊಟ್ಟರು. 1992ರ ಫೆಬ್ರವರಿ 9, ಒರ್ಲಾಂಡೊ. ಮ್ಯಾಜಿಕ್ 25 ಪಾಯಿಂಟ್, 9 ಅಸಿಸ್ಟ್. ಕೊನೆಯ ನಿಮಿಷಗಳಲ್ಲಿ ಐಸಯಾ ಥಾಮಸ್, ಜೋರ್ಡನ್ ಒಬ್ಬೊಬ್ಬರಾಗಿ ಅವರೆದುರು ನಿಂತರು. ಮ್ಯಾಜಿಕ್ ಒಂದು ತ್ರೀ ಪಾಯಿಂಟರ್ ಹಾಕಿದರು. ಗಡಿಯಾರದಲ್ಲಿ ಇನ್ನೂ 14.5 ಸೆಕೆಂಡ್ ಇತ್ತು, ಆದರೆ ಪಂದ್ಯ ಅಲ್ಲಿಗೇ ಮುಗೀತು. ಎಲ್ಲರೂ ಬಂದು ಅಪ್ಪಿಕೊಂಡರು. ಎಚ್‌ಐವಿ ಇದ್ದವರನ್ನು ಮುಟ್ಟೋಕೆ ಜನ ಹೆದರ್ತಿದ್ದ ಕಾಲ ಅದು. ಟಿವಿಯಲ್ಲಿ ಲಕ್ಷಾಂತರ ಮಂದಿ ಆ ಅಪ್ಪುಗೆ ನೋಡಿದರು. ಅರ್ಹತೆ ನೋಡಿ ಆರಿಸೋ ಯಾವ ಸಮಿತಿಯೂ ಈ ಆಯ್ಕೆ ಮಾಡ್ತಿರಲಿಲ್ಲ.

1994ರಲ್ಲಿ ಬಿ.ಜೆ. ಆರ್ಮ್‌ಸ್ಟ್ರಾಂಗ್. ಜೋರ್ಡನ್ ನಿವೃತ್ತಿ ಆಗಿದ್ದರು, ಚಿಕಾಗೋ ಬುಲ್ಸ್ ಪ್ರೀತಿ ಹಾಗೇ ಉಳಿದಿತ್ತು. 14.8 ಸರಾಸರಿಯ ಆರ್ಮ್‌ಸ್ಟ್ರಾಂಗ್ ಮೊದಲ ಐವರಲ್ಲಿ ಬಂದುಬಿಟ್ಟರು. ಮುಂದಕ್ಕೆ ಹೋಗೋಣ.

"ಅಭಿಮಾನಿಗಳಿಗೆ ಏನು ಗೊತ್ತು, ಕೋಚ್‌ಗಳಿಗೆ ಬಿಡಿ" ಅನ್ನೋರಿಗೆ ನಾನು ಹೇಳೋ ಹೆಸರು ಜಮಾಲ್ ಮಗ್ಲೋರ್. 2004ರಲ್ಲಿ ಅವರನ್ನು ಆರಿಸಿದ್ದು ಈಸ್ಟ್‌ನ ಕೋಚ್‌ಗಳೇ. ಸರಾಸರಿ 13.6 ಪಾಯಿಂಟ್, 10.3 ರಿಬೌಂಡ್. ಅದೊಂದೇ ಸಲ ಅವರು ಆಲ್ ಸ್ಟಾರ್ ಆದದ್ದು. ಹೇಗಾಯ್ತು ಅಂದ್ರೆ, ಆಗಿನ ನಿಯಮದಲ್ಲಿ ಬದಲಿ ಆಟಗಾರರಲ್ಲಿ ಒಬ್ಬ ಸೆಂಟರ್ ಇರಲೇಬೇಕಿತ್ತು. ಈಸ್ಟ್‌ನಲ್ಲಿ ಆಗ ಎತ್ತರದ ಒಳ್ಳೆಯ ಆಟಗಾರರಿಗೆ ಬರ. ಇದ್ದವರಲ್ಲಿ ಒಬ್ಬರನ್ನ ಕೂರಿಸಿದರು. ತಮಾಷೆ ನೋಡಿ, ಪಂದ್ಯದಲ್ಲಿ ಈಸ್ಟ್ ಪರ ಅತಿ ಹೆಚ್ಚು, 19 ಪಾಯಿಂಟ್ ಹೊಡೆದವರು ಅವರೇ. ಸೆಂಟರ್ ಅನ್ನೋ ಪ್ರತ್ಯೇಕ ಸ್ಥಾನವನ್ನು ಎನ್‌ಬಿಎ 2013ರ ಪಂದ್ಯಕ್ಕೆ ತೆಗೆದುಹಾಕಿತು.

ಆ ಸೆಂಟರ್ ಸ್ಥಾನದ ಇನ್ನೊಂದು ದೊಡ್ಡ ಜಗಳ 2003ರದ್ದು. ಶಕೀಲ್ ಓನೀಲ್ ಹಿಂದಿನ ಮೂರು ವರ್ಷವೂ ಫೈನಲ್ಸ್‌ನ ಶ್ರೇಷ್ಠ ಆಟಗಾರ. ಕಾಲ್ಬೆರಳಿನ ಶಸ್ತ್ರಚಿಕಿತ್ಸೆಯಿಂದ ಸೀಸನ್ ಆರಂಭದ 12 ಪಂದ್ಯ ತಪ್ಪಿಸಿಕೊಂಡಿದ್ದರು, ಅಷ್ಟೇ. ಆ ವರ್ಷ ಮತಪತ್ರ ಇಂಗ್ಲಿಷ್ ಜೊತೆ ಸ್ಪ್ಯಾನಿಷ್ ಮತ್ತು ಚೀನೀ ಭಾಷೆಯಲ್ಲೂ ಬಂತು. ಗೆದ್ದವರು ಆಗಷ್ಟೇ ಲೀಗ್‌ಗೆ ಬಂದಿದ್ದ ಯಾವ್ ಮಿಂಗ್. ಯಾವ್ 13.5, ಶಕೀಲ್ 27.5. ಇಲ್ಲಿ ಎದ್ದು ಹೋದವರು ಯಾರು ಅನ್ನೋದು ಎದ್ದು ಕಾಣುತ್ತೆ. ಆದರೆ ಮತಪತ್ರವನ್ನು ಚೀನೀ ಭಾಷೆಯಲ್ಲಿ ಅಚ್ಚು ಹಾಕಿಸಿದ್ದು ಲೀಗ್ ತಾನೇ? ಮಾರುಕಟ್ಟೆ ಬೇಕು, ಆ ಮಾರುಕಟ್ಟೆಯ ವೋಟು ಮಾತ್ರ ಬೇಡ ಅಂದ್ರೆ ಹೇಗೆ? 2011ರಲ್ಲಿ ಗಾಯದಿಂದ ಯಾವ್ ಆಡಿದ್ದು ಐದೇ ಪಂದ್ಯ. ಆಗಲೂ ಮೊದಲ ಐವರಲ್ಲಿ ಅವರ ಹೆಸರಿತ್ತು. ಇದನ್ನ ನಾನು ಸಮರ್ಥನೆ ಮಾಡಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಯಾಕಂದ್ರೆ ಇದು ಬರೀ ಮಾನ ಸನ್ಮಾನದ ಪ್ರಶ್ನೆ ಅಲ್ಲ. 2011ರಲ್ಲಿ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದಲ್ಲಿ ಡೆರಿಕ್ ರೋಸ್ ಹೆಸರಿನಿಂದ ಕರೆಯೋ ನಿಯಮವೊಂದು ಬಂತು. ಯುವ ಆಟಗಾರನೊಬ್ಬ ಒಮ್ಮೆ ಎಂವಿಪಿ ಆದರೆ, ಅಥವಾ ಎರಡು ಸಲ ಪತ್ರಕರ್ತರು ಆರಿಸೋ ಆಲ್ ಎನ್‌ಬಿಎ ತಂಡಕ್ಕೆ ಬಂದರೆ, ಅಥವಾ ಎರಡು ಸಲ ಅಭಿಮಾನಿಗಳ ವೋಟಿನಿಂದ ಆಲ್ ಸ್ಟಾರ್ ಮೊದಲ ಐವರಲ್ಲಿ ಬಂದರೆ, ಅವನ ಗರಿಷ್ಠ ಸಂಬಳ ತಂಡದ ಸ್ಯಾಲರಿ ಕ್ಯಾಪ್‌ನ 25 ಪರ್ಸೆಂಟ್‌ನಿಂದ 30 ಪರ್ಸೆಂಟ್‌ಗೆ ಏರಬಹುದಿತ್ತು. ಅಂದ್ರೆ ಫೋನ್ ಹಿಡಿದು ತಮಾಷೆಗೆ ಹಾಕಿದ ವೋಟು ಯಾರದ್ದೋ ಸಂಬಳದ ಚೀಟಿಗೆ ತಾಗುತ್ತಿತ್ತು. ಆಂಥನಿ ಡೇವಿಸ್ ಎರಡೂ ದಾರಿಯಲ್ಲಿ ಒಂದೊಂದು ಮೆಟ್ಟಿಲು ಹತ್ತಿ ನಿಂತಿದ್ದರು. 2016ರಲ್ಲಿ ಎರಡೂ ಕೈತಪ್ಪಿ, ಸುಮಾರು 2.4 ಕೋಟಿ ಡಾಲರ್ ಕಳೆದುಕೊಂಡರು.

ಅದೇ 2016ರಲ್ಲಿ ಅತಿ ಹೆಚ್ಚು ವೋಟು ಪಡೆದವರು ಕೋಬಿ ಬ್ರಯಂಟ್. ಸುಮಾರು 18.9 ಲಕ್ಷ ವೋಟು. ಅದು ಅವರ ಕೊನೆಯ ಸೀಸನ್, ಹಾಕಿದ ಶಾಟ್‌ಗಳಲ್ಲಿ ಒಳಗೆ ಬಿದ್ದದ್ದು 35.8 ಪರ್ಸೆಂಟ್. ಆಟದ ಲೆಕ್ಕದಲ್ಲಿ ಜಾಗ ಸಿಗಬಾರದಿತ್ತು. ಆದರೆ ಕೋಬಿ ಇಲ್ಲದಿದ್ದರೆ ಆ ಕುರ್ಚಿ ಯಾರಿಗೆ ಸಿಗ್ತಿತ್ತು ಗೊತ್ತಾ? ವೆಸ್ಟ್‌ನ ಫ್ರಂಟ್‌ಕೋರ್ಟ್‌ನಲ್ಲಿ ಡೇವಿಸ್‌ಗಿಂತ ಮೇಲೆ, ನಾಲ್ಕನೇ ಸ್ಥಾನದಲ್ಲಿದ್ದ ಝಾಝಾ ಪಚೂಲಿಯಾಗೆ! ಮೂರನೇ ಸ್ಥಾನದ ಕವಾಯ್ ಲೆನರ್ಡ್‌ಗಿಂತ ಹಿಂದಿದ್ದದ್ದು ಬರೀ 14 ಸಾವಿರ ವೋಟು. ಝಾಝಾ ಜಾರ್ಜಿಯಾದವರು. ಅಮೆರಿಕದ ರಾಜ್ಯ ಅಲ್ಲ, ಕಾಕಸಸ್ ಬೆಟ್ಟಗಳ ದೇಶ. ತಮ್ಮ ಹುಡುಗನಿಗೆ ಇಡೀ ದೇಶ ಸೋಷಿಯಲ್ ಮೀಡಿಯಾದಲ್ಲಿ ವೋಟು ಹಾಕಿತ್ತು, ಜೊತೆಗೆ ವೈಕ್ಲೆಫ್ ಜಾನ್‌ನಂಥ ಸೆಲೆಬ್ರಿಟಿಗಳೂ ಕೈಜೋಡಿಸಿದ್ದರು.

ಲೀಗ್ ಬೆಚ್ಚಿಬಿತ್ತು. 2017ರಿಂದ ಮೊದಲ ಐವರ ಆಯ್ಕೆಯಲ್ಲಿ ಅಭಿಮಾನಿಗಳ ಪಾಲು 50 ಪರ್ಸೆಂಟ್, ಆಟಗಾರರದ್ದು 25, ಮಾಧ್ಯಮದ್ದು 25. ಅದೇ ವರ್ಷದ ಹೊಸ ಒಪ್ಪಂದದಲ್ಲಿ ಸಂಬಳದ ನಿಯಮದಿಂದ ಆಲ್ ಸ್ಟಾರ್ ವೋಟನ್ನೂ ತೆಗೆದುಹಾಕಿದರು. ಆ ಸಲ ಅಭಿಮಾನಿಗಳ ವೋಟಿನಲ್ಲಿ ಝಾಝಾ ಎರಡನೇ ಸ್ಥಾನಕ್ಕೇ ಬಂದಿದ್ದರು. ಹಳೆಯ ನಿಯಮ ಇದ್ದಿದ್ದರೆ ಕೆವಿನ್ ಡುರಾಂಟ್, ಲೆನರ್ಡ್, ಡೇವಿಸ್ ಈ ಮೂವರಲ್ಲಿ ಒಬ್ಬರು ಏಳಬೇಕಿತ್ತು. ಯಾರೂ ಏಳಲಿಲ್ಲ. ಡೇವಿಸ್ ತಮ್ಮ ತಂಡದ ಊರು ನ್ಯೂ ಆರ್ಲಿಯನ್ಸ್‌ನಲ್ಲಿ 52 ಪಾಯಿಂಟ್ ಹೊಡೆದು, 1962ರಿಂದ ನಿಂತಿದ್ದ ವಿಲ್ಟ್ ಚೇಂಬರ್ಲೇನ್ ಅವರ 42ರ ದಾಖಲೆ ಮುರಿದರು.

ಎಲ್ಲರೂ ಒಪ್ಪಬಹುದಾದ ಉಪಾಯ ಬಂದದ್ದು 2019ರಲ್ಲಿ ಅನ್ಸುತ್ತೆ. ಡರ್ಕ್ ನೊವಿಟ್ಸ್ಕಿ ಮತ್ತು ಡ್ವೇನ್ ವೇಡ್ ಇಬ್ಬರೂ ವೃತ್ತಿಯ ಕೊನೆಯಲ್ಲಿದ್ದರು. ಕಮಿಷನರ್ ಆಡಮ್ ಸಿಲ್ವರ್ ಎರಡು ಹೆಚ್ಚುವರಿ ಕುರ್ಚಿ ಹಾಕಿಸಿದರು. ಯಾರನ್ನೂ ಎಬ್ಬಿಸಲಿಲ್ಲ. ಕೋಬಿಗೂ ಹೀಗೇ ಮಾಡಬಹುದಿತ್ತು.

ಹೊಸ ನಿಯಮ ಬಂದ ಮೇಲೆ ಜಗಳ ನಿಂತಿತಾ? 2022ರಲ್ಲಿ ಕೆ ಪಾಪ್ ತಂಡ ಗಾಟ್ ಸೆವೆನ್‌ನ ಥಾಯ್ ಗಾಯಕ ಬ್ಯಾಮ್‌ಬ್ಯಾಮ್, ಗೋಲ್ಡನ್ ಸ್ಟೇಟ್‌ನ ಆಂಡ್ರ್ಯೂ ವಿಗಿನ್ಸ್‌ಗೆ ವೋಟು ಹಾಕಿ ಅಂತ ಒಂದು ಟ್ವೀಟ್ ಮಾಡಿದರು. ವಿಗಿನ್ಸ್ ಮೊದಲ ಐವರಲ್ಲಿ ಬಂದರು. ಬ್ಯಾಸ್ಕೆಟ್‌ಬಾಲ್‌ಗೂ ಕೆ ಪಾಪ್‌ಗೂ ಏನು ಸಂಬಂಧ ಅಂತ ಎಷ್ಟೋ ಜನ ನಕ್ಕರು. ಅದೇ ಜೂನ್‌ನಲ್ಲಿ ಬಾಸ್ಟನ್ ವಿರುದ್ಧದ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಸ್ಟೆಫ್ ಕರಿ ಒಂದೂ ತ್ರೀ ಪಾಯಿಂಟರ್ ಹಾಕಲಾಗದೆ ತಡಕಾಡುತ್ತಿದ್ದಾಗ, ವಿಗಿನ್ಸ್ 26 ಪಾಯಿಂಟ್, 13 ರಿಬೌಂಡ್ ತಂದುಕೊಟ್ಟರು. ಮುಂದಿನ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ಚಾಂಪಿಯನ್ ಆಯಿತು.